ನೋಡಿಬಂದವರ ಮಾತು

ಜೂನ್ 12, 2024. ಹಾಸನ

ಹೊಸ ವರ್ಷಕ್ಕೆ ಯಾರೋ ಗ್ರಾಹಕರು ಕೊಟ್ಟ ಡೈರಿ, ಆರು ತಿಂಗಳಿಂದ ಬೀರುವಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ತೆಗೆದೆ. ಬ್ಯಾಂಕಿನಲ್ಲಿ ದಿನವಿಡೀ ಬರೆಯುವುದೆಲ್ಲ ಬೇರೆಯವರು ಓದಲಿ ಎಂದು. ನನಗೋಸ್ಕರ ಒಂದಿಷ್ಟು ಬರೆದುಕೊಳ್ಳದಿದ್ದರೆ ತಲೆ ಸಿಡಿದುಹೋಗುತ್ತದೆ.

ಹೊಳೆನರಸೀಪುರದ ದಾರಿಯ ಹೊಸ ರಸ್ತೆಯ ಸಾಲ ಇವತ್ತಿನಿಂದ ನನ್ನ ಮೇಜಿನ ಮೇಲಿದೆ. ನಾಲ್ಕು ಪಥದ ರಸ್ತೆ, ಅರಕಲಗೂಡಿನ ಕಡೆಗೊಂದು ಕವಲು, ನಡುವೆ ರೈಲು ಹಳಿಯ ಮೇಲೊಂದು ಸೇತುವೆ. ಇಷ್ಟು ದೊಡ್ಡ ಸಾಲವನ್ನು ಯಾವ ಬ್ಯಾಂಕೂ ಒಂಟಿಯಾಗಿ ಕೊಡುವುದಿಲ್ಲ. ಒಂದು ಬ್ಯಾಂಕು ಮುಂದೆ ನಿಂತು ಕಾಗದಪತ್ರ ಮಾಡಿಸುತ್ತದೆ, ಮಿಕ್ಕವು ಪಾಲು ಹಾಕುತ್ತವೆ. ಕೆಲಸ ಆದ ಹಾಗೆಲ್ಲ ಕಂತು ಬಿಡುತ್ತಾರೆ. ಇಲ್ಲಿ ಮುಂದೆ ನಿಂತದ್ದು ನಮ್ಮ ಬ್ಯಾಂಕು. ಏಳು ಬ್ಯಾಂಕುಗಳ ಪರವಾಗಿ ಹೋಗಿ, ಕಣ್ಣಾರೆ ನೋಡಿ, ಕೆಲಸ ಸರಿಯಾಗಿದೆಯೇ ಎಂದು ಬರೆಯಬೇಕಾದವಳು ಹಾಸನ ಶಾಖೆಯ ಮ್ಯಾನೇಜರು. ಅಂದರೆ ಪ್ರತಿಭಾ, ಅಂದರೆ ನಾನು.

ಸಂಜೆ ಇವರಿಗೆ ಹೇಳಿದೆ. ಔಷಧಿ ಅಂಗಡಿಯ ಶಟರ್ ಎಳೆದು ಆಗಷ್ಟೇ ಬಂದಿದ್ದ ರುದ್ರೇಶ, "ಪಾಪ, ಆ ಕಂಪನಿಯವರ ಗ್ರಹಚಾರ" ಎಂದು ನಕ್ಕರು. ತರಕಾರಿಯವನ ಹತ್ತಿರ ಬೀನ್ಸನ್ನು ಒಂದೊಂದಾಗಿ ಮುರಿದು ನೋಡುವವಳು ನಾನು ಎಂದು ಇಡೀ ಬೀದಿಗೆ ಗೊತ್ತು. ಅದರಲ್ಲಿ ನನಗೇನೂ ನಾಚಿಕೆಯಿಲ್ಲ.

ಜೂನ್ 19

ಸೈಟಿಗೆ ಹೋಗಿದ್ದೆ. ಕಂಪನಿಯ ಎಂಜಿನಿಯರ್ ಕುಮಾರ್ ನೆರಳಿಗೆ ಕುರ್ಚಿ ಹಾಕಿಸಿ, ಎಳನೀರು ಕೆತ್ತಿಸಿ, "ಇಲ್ಲೇ ಕೂತ್ಕಳಿ ಮೇಡಂ, ಫೋಟೋ ಎಲ್ಲ ವಾಟ್ಸಾಪಿಗೆ ಆಕ್ತೀನಿ. ಬಿಸ್ಲಲ್ಲಿ ಯಾಕ್ ಓಯ್ತೀರಾ?" ಎಂದ.

"ನಾವು ಫೋಟೋಗೆ ಸಾಲ ಕೊಟ್ಟಿಲ್ಲ ಕಣಪ್ಪ" ಎಂದು ಎದ್ದೆ.

ಸೇತುವೆಗೆ ಹತ್ತುವ ಏರಿನ ಎರಡೂ ಬದಿಗೆ ಕಾಂಕ್ರೀಟಿನ ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಮಣ್ಣು ತುಂಬಿ ಎತ್ತರಿಸುತ್ತಿದ್ದಾರೆ. ತಡೆಗೋಡೆ ಈಗಲೇ ಮೂರು ಅಂತಸ್ತಿನ ಮನೆಯಷ್ಟಿದೆ. ಅದರ ಬುಡದಲ್ಲೇ ಪಕ್ಕದ ಸಣ್ಣ ರಸ್ತೆ. ಒಂದು ಕಡೆ ಗೋಡೆ ಹೊರಕ್ಕೆ ಉಬ್ಬಿದಂತೆ ಕಂಡಿತು. ಹತ್ತಿರ ಹೋಗಿ ಎರಡು ಹಲಗೆಗಳ ಸಂದಿಗೆ ಕಾರಿನ ಕೀಲಿ ತೂರಿಸಿದೆ, ಸಲೀಸಾಗಿ ಹೋಯಿತು. ಸಂದಿಯಿಂದ ಕಪ್ಪು ನೀರು ಜಿನುಗುತ್ತಿತ್ತು. ಕರಾರಿನಲ್ಲಿ ಬರೆದಿರುವುದು ಗರಸು ಮಣ್ಣು ತುಂಬಬೇಕೆಂದು. ಅದರಲ್ಲಿ ನೀರು ನಿಲ್ಲುವುದಿಲ್ಲ. ಇವರು ತುಂಬಿರುವುದು ಕೆರೆಯ ಗೋಡು ಮಣ್ಣು. ಬೆರಳಿಗೆ ಹತ್ತಿದ್ದನ್ನು ಉಜ್ಜಿ ನೋಡಿದೆ, ಬೆಣ್ಣೆಯ ಹಾಗಿತ್ತು.

ಪಕ್ಕದ ಹೊಲದ ನಂಜಯ್ಯ ಎನ್ನುವವರು ಬದುವಿನ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು. "ಮಳೆ ಉಯ್ದಾಗ ಒಳ್ಗೆ ಏನೋ ಜರಿದಂಗಾಯ್ತದೆ ಕಣವ್ವ. ಅದ್ಕೆ ನಾನು ದನಿನ ಕೊಟ್ಟಿಗೆನೇ ಅತ್ಲಾಗೆ ಮಾಡ್ಕಂಡಿವ್ನಿ" ಎಂದರು.

ಕುಮಾರ್ ನಂಜಯ್ಯನವರನ್ನು ಗದರಿದ. ನಾನು ಕುಮಾರನನ್ನು ಗದರಿದೆ.

ಜೂನ್ 21

ವಲಯ ಕಚೇರಿಗೆ ವರದಿ ಕಳಿಸಿದೆ. ಗೋಡೆ ಉಬ್ಬಿರುವುದು, ಸಂದಿ, ಕಪ್ಪು ನೀರು, ಎಲ್ಲ ಬರೆದಿದ್ದೇನೆ. ಸರಿಪಡಿಸುವ ತನಕ ಕಂತು ಬಿಡಬಾರದು ಎಂದೂ ಬರೆದಿದ್ದೇನೆ. ಮೈ ಹಗುರಾಯಿತು. ಊಟ ರುಚಿಸಿತು.

ಜೂನ್ 27

ವಲಯ ಕಚೇರಿಯಿಂದ ಶಶಿಕುಮಾರ್ ಸರ್ ಫೋನು. ನನ್ನ ಮೇಲಧಿಕಾರಿ, ದನಿ ಎತ್ತರಿಸುವವರಲ್ಲ, ಅದೇ ಭಯ.

"ಪ್ರತಿಭಾ ಅವರೇ, ನೀವು ಎಂಜಿನಿಯರಾ?"

"ಅಲ್ಲ ಸರ್."

"ಮತ್ತೆ ಗೋಡೆ ಉಬ್ಬಿದೆ ಅಂತ ಯಾವ ಆಧಾರದ ಮೇಲೆ ಬರೆದ್ರಿ?"

"ಕಣ್ಣಿದೆಯಲ್ಲ ಸರ್."

ಮಗುವಿಗೆ ಹೇಳುವ ಹಾಗೆ ಹೇಳಿದರು. ಇಂಥದ್ದನ್ನು ನೋಡಲಿಕ್ಕೆಂದೇ ಏಳೂ ಬ್ಯಾಂಕು ಸೇರಿ ಬೆಂಗಳೂರಿನ ಕೀರ್ತಿರಾಜ್ ಎಂಬ ಎಂಜಿನಿಯರನ್ನು ನೇಮಿಸಿವೆ. ನಮ್ಮ ಕಡೆಯಿಂದ ಒಂದು ಮಾತು ಹೋದರೆ ಮಿಕ್ಕ ಆರೂ ಕೈ ಎಳೆದುಕೊಳ್ಳುತ್ತವೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಕೊಟ್ಟ ಸಾಲವೂ ಮುಳುಗುತ್ತದೆ. "ತಾಂತ್ರಿಕ ವಿಷಯದಲ್ಲಿ ಎಂಜಿನಿಯರರ ವರದಿಯನ್ನು ಅವಲಂಬಿಸಲಾಗಿದೆ ಅಂತ ಒಂದು ಸಾಲು ಹಾಕಿ. ಉಬ್ಬಿದ್ದು ಗಿಬ್ಬಿದ್ದು ತೆಗೀರಿ. ಕೀರ್ತಿರಾಜ್ ಅವರಿಗೆ ನಾನೇ ಹೇಳ್ತೀನಿ, ಹೋಗಿ ನೋಡ್ತಾರೆ."

ಫೋನಿಡುವ ಮುಂಚೆ, "ಅಂದಹಾಗೆ ಈ ವರ್ಷ ನಿಮ್ಮ ವರ್ಗಾವಣೆ ಬಾಕಿ ಇದೆ ಅಲ್ವಾ? ಈ ಸಲ ಎಲ್ಲಾರನ್ನೂ ಈಶಾನ್ಯಕ್ಕೆ ಹಾಕ್ತಿದಾರೆ. ನೋಡೋಣ" ಎಂದರು.

ತೆಗೆದೆ. ನೋಡಬಲ್ಲವರು ನೋಡುತ್ತಾರಲ್ಲ. ಅವರ ಕೆಲಸ ಅವರು ಮಾಡಲಿ, ನನ್ನ ಕೆಲಸ ನಾನು ಮಾಡಿದ್ದೇನೆ.

ಜುಲೈ 14, ಭಾನುವಾರ. ಚನ್ನರಾಯಪಟ್ಟಣ

ಅಪ್ಪಾಜಿಯನ್ನು ನೋಡಲು ಬಂದೆವು. ಎಪ್ಪತ್ತೆಂಟಾದರೂ ತೆಂಗಿನಕಾಯಿ ಮಂಡಿಗೆ ದಿನಾ ಹೋಗಿ ಕೂರುತ್ತಾರೆ. ಅಮ್ಮ ಗೊಣಗುವುದು, ಅವರು ಕೇಳಿಸದವರ ಹಾಗೆ ಚಪ್ಪಲಿ ಮೆಟ್ಟುವುದು, ಹಿಂದಿನಿಂದಲೂ ಹೀಗೇ.

ಮಾತಿಗೆ ಮಾತು ಬಂದು ಈ ಸಾಲದ ವಿಷಯ ಹೇಳಿದೆ. ಗೋಡೆಯ ವಿಷಯ ಹೇಳಲಿಲ್ಲ. ಅಪ್ಪಾಜಿಗೆ ಥಟ್ಟನೆ ಅರ್ಥವಾಯಿತು. "ನಾವೂ ಮಾಡ್ತಿದ್ದುದ್ ಅದೇಯ. ದೊಡ್ ತ್ವಾಟದ ಫಸ್ಲು ಒಬ್ರ ಕೈಲಿ ಇಡ್ಯಕ್ಕಾಗದು ಅಂತ ನಾಕೈದ್ ಜನ ಸೇರ್ಕತಿದ್ದೋ. ಮರ ನೋಡ್ಕಂಡ್ ಬರಕ್ಕೆ ಒಬ್ಬ ಓಗನು. ಮಿಕ್ಕೋರು ಅವನ್ ಮಾತಿನ್ ಮ್ಯಾಲೆ ದುಡ್ ಆಕದು."

"ಅವನು ಸುಳ್ಳು ಹೇಳಿದ್ರೆ?"

"ಎಂಗ್ ಏಳ್ತಾನೆ ಮಗ? ನೋಡ್ಕಂಡ್ ಬಂದೋನ್ದೇ ಎಲ್ಲಾರ್ಗಿಂತ ದೊಡ್ ಪಾಲು. ಅವನು ಪಾಲು ಕಮ್ಮಿ ಮಾಡ್ಕತೀನಿ ಅಂದ ಅಂದ್ರೆ, ನಾವು ಅಂಗೇ ಎದ್ದು ಮನಿಗ್ ಓಯ್ತಿದ್ದೋ."

ಅಮ್ಮ ಅಕ್ಕಿರೊಟ್ಟಿ, ಅವರೆಬೇಳೆ ಸಾರು ಮಾಡಿದ್ದರು. ಮಗಳು ನಿಸರ್ಗ ನಾಲ್ಕು ರೊಟ್ಟಿ ತಿಂದಳು. ಆರನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ಒಂದು ತಿನ್ನಲು ರಂಪ ಮಾಡುತ್ತಾಳೆ.

ಆಗಸ್ಟ್ 8

ಕೀರ್ತಿರಾಜ್ ಹಾಸನಕ್ಕೆ ಬಂದಿದ್ದರು. ಹೋಟೆಲಿನಲ್ಲಿ ಊಟಕ್ಕೆ ಕರೆದರು. ಒಳ್ಳೆಯ ಮಾತುಗಾರ, ಇಸ್ತ್ರಿ ಕೆಡದ ಅಂಗಿ. ಊಟದ ನಡುವೆ, "ಗೋಡೆ ನೋಡಿದ್ರಾ, ಏನನ್ನಿಸ್ತು?" ಎಂದು ಕೇಳಿದೆ.

"ಯಾವ ಗೋಡೆ ಮೇಡಂ?"

ಆತ ಸೈಟಿಗೆ ಹೋಗಿಯೇ ಇಲ್ಲ. ಕುಮಾರ್ ಕಳಿಸಿದ ಫೋಟೋ ನೋಡಿ ವರದಿ ಕೊಟ್ಟಿದ್ದಾರೆ. "ನೀವೇ ಖುದ್ದಾಗಿ ಹೋಗಿ ನೋಡ್ಕೊಂಡು ಬಂದಿದೀರಲ್ಲ ಮೇಡಂ. ನಿಮ್ಮ ನೋಟ್‌ನಲ್ಲಿ ತೊಂದರೆ ಏನೂ ಬರೆದಿಲ್ಲ. ಲೀಡ್ ಬ್ಯಾಂಕಿನವರು ಸ್ಥಳ ಪರಿಶೀಲಿಸಿದ್ದಾರೆ, ಪ್ರತಿಕೂಲ ಅಂಶ ಕಂಡುಬಂದಿಲ್ಲ ಅಂತ ನಾನೂ ಬರೆದೆ" ಎಂದು ಬಾಳೆಹಣ್ಣು ಸುಲಿದರು.

ಒಂದು ಗಳಿಗೆ ನಗು ಬಂತು. ಏಳು ಬ್ಯಾಂಕುಗಳೂ ನನ್ನ ನೋಟ್ ನಂಬಿವೆ. ನಾನು ಕೀರ್ತಿರಾಜನ ವರದಿ ನಂಬಿದ್ದೇನೆ. ಕೀರ್ತಿರಾಜ ನನ್ನ ನೋಟ್ ನಂಬಿದ್ದಾನೆ. ಇಷ್ಟು ಜನರಲ್ಲಿ ಆ ಗೋಡೆಯನ್ನು ನೋಡಿದವಳು ನಾನೊಬ್ಬಳೇ. ನೋಡಿ ಬರೆದದ್ದನ್ನು ನಾನೇ ಕೈಯಾರೆ ತೆಗೆದುಹಾಕಿದ್ದೇನೆ.

ಬರುವಾಗ ಸೈಟಿಗೆ ತಿರುಗಿಸಿದೆ. ಈಗ ಸಂದಿಯಲ್ಲಿ ಬೆರಳು ಹೋಗುತ್ತದೆ.

ಆಗಸ್ಟ್ 9

ಏಳೂ ಬ್ಯಾಂಕಿಗೆ ನೇರವಾಗಿ ಒಂದು ಮೇಲ್ ಬರೆದಿದ್ದೇನೆ. ಮೊದಲ ನೋಟ್ ಲಗತ್ತಿಸಿದ್ದೇನೆ. ಗೋಡೆ ಬಿದ್ದರೆ ಕೆಳಗೆ ಓಡಾಡುವವರ ಗತಿಯೇನು ಎಂದು ಬಿಡಿಸಿ ಬಿಡಿಸಿ ಬರೆದಿದ್ದೇನೆ. ಕೆಲಸ ಹೋದರೆ ಹೋಗಲಿ. ನಾಳೆ ಎರಡನೇ ಶನಿವಾರ, ಯಾರೂ ನೋಡುವುದಿಲ್ಲ. ಸೋಮವಾರ ಬೆಳಿಗ್ಗೆ ಮೊದಲ ಕೆಲಸ ಅದನ್ನು ಕಳಿಸುವುದೇ.

ಆಗಸ್ಟ್ 12

ಆಡಿಟ್‌ನವರು ಬಂದು ಕೂತಿದ್ದಾರೆ. ಉಸಿರಾಡಲೂ ಬಿಡುವಿಲ್ಲ.

ಆಗಸ್ಟ್ 23

ಆ ಮೇಲ್ ಮತ್ತೆ ಓದಿ ನೋಡಿದೆ. ಭಾಷೆ ತೀರ ಖಾರವಾಯಿತು. "ಗತಿಯೇನು" ಎಂದೆಲ್ಲ ಬ್ಯಾಂಕಿನ ಪತ್ರದಲ್ಲಿ ಬರೆಯುತ್ತಾರೆಯೇ? ಬಿಡುವಾದಾಗ ತಿದ್ದಬೇಕು.

ಸೆಪ್ಟೆಂಬರ್ 30

ಅರ್ಧವಾರ್ಷಿಕ ಲೆಕ್ಕ ಮುಗಿಯಿತು. ಕಂತೂ ಬಿಡುಗಡೆಯಾಯಿತು. ಶಶಿಕುಮಾರ್ ಸರ್ ಕೈಮುಗಿಯುವ ಚಿತ್ರ ಕಳಿಸಿದರು, ಒಂದಲ್ಲ, ಎರಡು.

ನವೆಂಬರ್ 6

ಮುಖ್ಯ ಕಚೇರಿಯಿಂದ ಸುತ್ತೋಲೆ. ಈ ರಸ್ತೆಯ ಸಾಲದಲ್ಲಿ ನಮ್ಮ ಪಾಲನ್ನು ಇಳಿಸುತ್ತಿದ್ದೇವಂತೆ. ಒಂದು ಸಣ್ಣ ಬ್ಯಾಂಕು, ಒಂದು ಫೈನಾನ್ಸ್ ಕಂಪನಿ ಅದನ್ನು ಕೊಳ್ಳುತ್ತಿವೆ. ಇದು ಈ ವ್ಯವಹಾರದಲ್ಲಿ ಹೊಸದೇನಲ್ಲ. ಮುಂದೆ ನಿಂತ ಬ್ಯಾಂಕು ಮೊದಲು ದೊಡ್ಡ ಪಾಲು ಹೊತ್ತು, ಆಮೇಲೆ ಬೇರೆಯವರಿಗೆ ಹಂಚುತ್ತದೆ, ಹಂಚಿಕೊಟ್ಟದ್ದಕ್ಕೆ ಫೀಸೂ ಸಿಗುತ್ತದೆ. ಎಲ್ಲ ನಿಯಮದ ಪ್ರಕಾರವೇ ಇದೆ. ಆದರೂ ಇಷ್ಟು ಬೇಗ?

ಆ ಸಣ್ಣ ಬ್ಯಾಂಕಿನಿಂದ ಸಂಜಯ್ ಎನ್ನುವ ಅಧಿಕಾರಿ ಫೋನು ಮಾಡಿದ್ದ. ಎಳೆಯ ದನಿ. "ಮೇಡಂ, ನಾವೊಂದ್ಸಲ ಬಂದು ಸೈಟ್ ನೋಡ್ಬೇಕಾ?" ಎಂದು ಕೇಳಿದ.

ಬನ್ನಿ ಎನ್ನಬಹುದಿತ್ತು. ಬಾಯಿಯ ತನಕ ಬಂದಿತ್ತು. "ನಾವು ನೋಡಿದೀವಲ್ಲ" ಎಂದೆ.

"ಅಷ್ಟೇ ಸಾಕು ಬಿಡಿ ಮೇಡಂ, ಅಷ್ಟು ದೂರ ಬರೋದು ತಪ್ತು" ಎಂದು ಖುಷಿಯಾಗಿ ಫೋನಿಟ್ಟ.

ಅಪ್ಪಾಜಿಗೆ ಜ್ವರವಂತೆ. ಮೊನ್ನೆ ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗಬೇಕಿತ್ತು. ಯಾಕೋ ಹೋಗಲು ಮನಸ್ಸಾಗಲಿಲ್ಲ, ಇವರನ್ನು ಕಳಿಸಿದೆ.

ಜನವರಿ 22, 2025

ಹಳೆಯ ಡೈರಿಯ ಖಾಲಿ ಪುಟಗಳಲ್ಲೇ ಬರೆಯುತ್ತಿದ್ದೇನೆ. ಹೊಸದನ್ನು ಯಾಕೆ ಹಾಳು ಮಾಡುವುದು.

ಸೈಟು ಗುರುತೇ ಸಿಗದಷ್ಟು ಚೆನ್ನಾಗಿದೆ. ಡಾಂಬರು ಹಾಕಿ, ದೀಪದ ಕಂಬ ನಿಲ್ಲಿಸಿದ್ದಾರೆ. ತಡೆಗೋಡೆಯ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿ, ಉದ್ದಕ್ಕೂ ಶಿಲಾಬಾಲಿಕೆಯರ ಚಿತ್ರ ಬರೆಸಿದ್ದಾರೆ. ಕನ್ನಡಿ ಹಿಡಿದವಳು, ಕೂದಲು ಹಿಂಡುವವಳು, ಗಿಳಿಯೊಡನೆ ಮಾತಾಡುವವಳು. ಮೊದಲೇ ಉಬ್ಬಿದ್ದ ಜಾಗದಲ್ಲಿ ಕನ್ನಡಿ ಹಿಡಿದವಳು ನಿಂತಿದ್ದಾಳೆ. ಅವಳಿಗೆ ಹೊಟ್ಟೆ ಬಂದಿದೆ.

"ಏನ್ ಕುಮಾರ್, ಇವಳಿಗೆ ಎಷ್ಟು ತಿಂಗಳು?" ಎಂದೆ.

ಕುಮಾರ್ ಬಿದ್ದು ಬಿದ್ದು ನಕ್ಕ. "ಅಯ್ಯೋ ಮೇಡಂ, ನೀವೊಳ್ಳೆ! ಪೇಂಟರ್ ಸರ್ಯಾಗ್ ಬರ್ದಿಲ್ಲ ಕಣ್ರೀ" ಎಂದ. ನಾನೂ ನಕ್ಕೆ. ಹಿಂದೆಲ್ಲ ಈ ಕುಮಾರನನ್ನು ಕಂಡರೆ ಉರಿಯುತ್ತಿತ್ತು, ಪಾಪ, ಆಳು ಕೆಟ್ಟವನಲ್ಲ.

ಮೆತ್ತಿದ ಸಿಮೆಂಟು ಒಂದು ಕಡೆ ಬಿರುಕು ಬಿಟ್ಟು ಉದುರಿದೆ. ಅಲ್ಲಿ ಈಗ ನನ್ನ ಮುಷ್ಟಿ ಹೋಗುತ್ತದೆ. ನಂಜಯ್ಯನವರು ಬದುವಿನ ಮೇಲೆ ನಿಂತಿದ್ದರು. ನಾನು ಕಾರಿನ ಕಡೆಗೆ ನಡೆದೆ.

ವರದಿಯಲ್ಲಿ "ಅಂದಗೊಳಿಸುವ ಕಾಮಗಾರಿ ಪೂರ್ಣ" ಎಂದು ಬರೆದೆ. ಅದು ನಿಜವೇ.

ಮಾರ್ಚ್ 3

ಇನ್ನು ಮೂರು ವರ್ಷ ಹಾಸನದಲ್ಲೇ! ಶಶಿಕುಮಾರ್ ಸರ್ ತಾವೇ ಫೋನು ಮಾಡಿ ತಿಳಿಸಿದರು. "ನಿಮ್ಮಂಥ ಅನುಭವಸ್ಥರು ಇಲ್ಲೇ ಇರ್ಬೇಕು ಪ್ರತಿಭಾ ಅವರೇ" ಎಂದರು. ಒಳ್ಳೆಯ ಕೆಲಸಕ್ಕೆ ತಡವಾದರೂ ಬೆಲೆ ಇದ್ದೇ ಇರುತ್ತದೆ. ಕಾಯಿ ಒಬ್ಬಟ್ಟು ಮಾಡಿದೆ. ಪಕ್ಕದ ಮನೆಯ ದೀಪಶ್ರೀಗೂ ಒಂದು ಡಬ್ಬಿ ಕೊಟ್ಟೆ. ಅವರ ಮಗಳು ಕವನಾ, ನಮ್ಮ ನಿಸರ್ಗ, ಇಬ್ಬರೂ ಒಂದೇ ಕ್ಲಾಸು, ಒಂದೇ ಬಸ್ಸು.

ಆ ಮೇಲ್ ಇನ್ನೂ ಡ್ರಾಫ್ಟ್‌ನಲ್ಲಿ ಬಿದ್ದಿತ್ತು. ಅಳಿಸಿದೆ.

ಮೇ 19

ರಸ್ತೆ ಉದ್ಘಾಟನೆ. ಶಾಮಿಯಾನ, ಹಾರ, ಭಾಷಣ. ನನಗೂ ಶಾಲು ಹೊದಿಸಿ ಏಲಕ್ಕಿ ಹಾರ ಹಾಕಿದರು. ಕೀರ್ತಿರಾಜ್ ಮೊದಲ ಸಲ ಸೈಟಿಗೆ ಬಂದಿದ್ದರು. ವೇದಿಕೆಯನ್ನು ಗೋಡೆಯಿಂದ ದೂರ, ಎದುರು ಬದಿಯ ಹೊಲದಲ್ಲಿ ಹಾಕಿಸಿದ್ದರು. ಯಾರ ಯೋಚನೆಯೋ, ಒಳ್ಳೆಯದೇ ಆಯಿತು, ಗಾಳಿ ಚೆನ್ನಾಗಿತ್ತು.

ಹಳೆಯ ರೈಲ್ವೆ ಗೇಟನ್ನು ಇವತ್ತೇ ಮುಚ್ಚಿದರು. ಇನ್ನು ಹಳಿಯ ಆಚೆಗೆ ಹೋಗುವ ದೊಡ್ಡ ಗಾಡಿಗಳಿಗೆಲ್ಲ ಸೇತುವೆಯೇ ದಾರಿ.

ಮೇ 27

ನಿಸರ್ಗಳ ಶಾಲೆಯಿಂದ ಮೆಸೇಜು. ಗೇಟು ಮುಚ್ಚಿರುವುದರಿಂದ ಶಾಲೆಯ ಬಸ್ಸು ಇನ್ನು ಸೇತುವೆ ಹತ್ತಿ ಇಳಿದು, ಗೋಡೆಯ ಬುಡದ ರಸ್ತೆಯಲ್ಲಿ ತಿರುಗಿ ಶಾಲೆ ಸೇರುತ್ತದೆ.

ಎರಡು ಮೂರು ಸಲ ಓದಿದೆ. ಚಹಾ ಆರಿಹೋಯಿತು.

ಜೂನ್ 2

ಶಾಲೆ ಶುರು. ನಿಸರ್ಗಳನ್ನು ಸ್ಕೂಟರಿನಲ್ಲಿ ನಾನೇ ಬಿಟ್ಟೆ. ಕಾಲುವೆ ಹಳಿಯ ಕೆಳಗೆ ಹಾಯುವ ಕಡೆ ಒಂದು ಕಿಂಡಿಯಿದೆ, ಸ್ಕೂಟರು ತೂರುತ್ತದೆ, ಬಸ್ಸು ತೂರುವುದಿಲ್ಲ. ಕಾಲುವೆ ಏರಿಯ ಮೇಲೆ ಸ್ವಲ್ಪ ಸುತ್ತು, ಸ್ವಲ್ಪ ಗುಂಡಿ. ಬೆಳಗಿನ ಗಾಳಿಗೆ ಮನಸ್ಸು ಉಲ್ಲಾಸವಾಗುತ್ತದೆ. ಅಮ್ಮ ಮಗಳು ಮಾತಾಡಿಕೊಂಡು ಹೋಗಲು ಇಷ್ಟು ದಿನ ಸಮಯವೇ ಸಿಕ್ಕಿರಲಿಲ್ಲ.

"ಒಂದೇ ವಾರಕ್ಕೆ ಸುಸ್ತಾಗುತ್ತೆ ನಿಂಗೆ" ಎಂದರು ಇವರು.

"ನನ್ನ ಮಗಳು, ನನ್ನ ಇಷ್ಟ" ಎಂದೆ. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ.

ಜೂನ್ 5

ದೀಪಶ್ರೀ ಬೆಳಿಗ್ಗೆ ಗೇಟಿನಲ್ಲಿ ನಿಲ್ಲಿಸಿದರು. "ಅಕ್ಕ, ನಿಸರ್ಗ ಯಾಕೆ ಬಸ್ಸಿಗೆ ಬರ್ತಿಲ್ಲ? ಕವನಾ ಒಬ್ಳೇ ಕೂತ್ಕಬೇಕು ಅಂತ ಅಳ್ತವ್ಳೆ."

"ಅವಳಿಗೆ ಬಸ್ಸಲ್ಲಿ ವಾಂತಿ ಬರುತ್ತೆ ಕಣ್ರೀ" ಎಂದೆ.

"ಹಂಗಾರೆ ಇವಳನ್ನೂ ಜೊತೆಗೆ ಕೂರಿಸ್ಕೊಂಡು ಹೋಗಿ ಅಕ್ಕ. ಪೆಟ್ರೋಲಿಗೆ ನಾನೂ ಹಾಕ್ತೀನಿ."

ಹಿಂದಿನ ಸೀಟಿನಲ್ಲಿ ಇಬ್ಬರು ಪುಟ್ಟ ಹುಡುಗಿಯರು ಕೂರಬಹುದು. ಕೂರಿಸಿಕೊಳ್ಳಬೇಕೆನ್ನಿಸಿತು. ಆದರೆ ಇವತ್ತು ಕವನಾ ಎಂದರೆ ನಾಳೆ ಎದುರು ಮನೆಯವರು ಕೇಳುತ್ತಾರೆ, ನಾಡಿದ್ದು ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಏನು ಹೇಳಲಿ? ಮೂರು ಜನ ಕೂತರೆ ಪೊಲೀಸರು ಹಿಡಿಯುತ್ತಾರೆ ಎಂದೆ. ಅದೂ ನಿಜವೇ.

ದೀಪಶ್ರೀ ತಲೆಯಾಡಿಸಿದರು. ಆಮೇಲೆ ದನಿ ತಗ್ಗಿಸಿ, "ಒಂದ್ ಮಾತ್ ಕೇಳ್ಲಾ ಅಕ್ಕ? ಆ ಹೊಸ ಗೋಡೆ ಪಕ್ಕ ಹೋಗೋವಾಗ ನಂಗ್ಯಾಕೋ ಎದೆ ಡವಡವ ಅಂತದೆ. ನೀವು ಬ್ಯಾಂಕಿನೋರು, ನೋಡಿದೀರಂತೆ. ಗಟ್ಟಿ ಐತೆ ತಾನೆ?" ಎಂದರು.

"ಗಟ್ಟಿ ಇದೆ" ಎಂದೆ. "ಬಸ್ಸಲ್ಲೇ ಕಳಿಸಿ."

ಏರಿಯ ಮೇಲೆ ಹೋಗುತ್ತಿರುವಾಗ ಹಿಂದಿನಿಂದ ನಿಸರ್ಗ ಕೇಳಿದಳು: "ಅಮ್ಮ, ನಂಗೆ ಯಾವತ್ತು ವಾಂತಿ ಬಂದಿತ್ತು?" ಗಟ್ಟಿಯಾಗಿ ಹಿಡಿದುಕೊಂಡು ಕೂತ್ಕೋ, ಗುಂಡಿ ಇದೆ ಎಂದೆ.

ಜೂನ್ 11

ಮೂರು ದಿನದಿಂದ ಬಿಡದ ಮಳೆ. ಬ್ಯಾಂಕಿನಿಂದ ಬೇಗ ಬಂದು ನಿಸರ್ಗಳನ್ನು ಕರೆತಂದೆ. ಅವಳು ತಲೆ ಒರೆಸಿಕೊಂಡು, ಬಿಸಿ ಹಾಲು ಕುಡಿದು, ಹೋಂವರ್ಕಿಗೆ ಕೂತಳು. ಬಸ್ಸು ಬರುವ ಹೊತ್ತು ಮೀರಿತು. ಕಿಟಕಿಯಿಂದ ನೋಡಿದರೆ ದೀಪಶ್ರೀ ಕೊಡೆ ಹಿಡಿದು ರಸ್ತೆಯ ಕೊನೆಯಲ್ಲಿ ನಿಂತಿದ್ದಾರೆ. ಒಮ್ಮೆ ನಮ್ಮ ಮನೆಯ ಕಡೆ ತಿರುಗಿ ನೋಡಿದರು. ಪರದೆ ಎಳೆದೆ. ದೇವರ ಮುಂದೆ ದೀಪ ಹಚ್ಚಲು ಹೋಗಿ ಎರಡು ಸಲ ಕಡ್ಡಿ ಆರಿತು.

ಬಸ್ಸು ಬಂತು. ಮಳೆಗೆ ನಿಧಾನವಾಯಿತಂತೆ, ಅಷ್ಟೇ. ಕವನಾ ಕುಣಿದುಕೊಂಡು ಇಳಿದಳು.

ದೀಪಶ್ರೀ ಅವಳನ್ನು ಒಳಗೆ ಕಳಿಸಿ, ನೇರವಾಗಿ ನಮ್ಮ ಮನೆಗೇ ಬಂದರು. ಸೀರೆಯ ಅಂಚೆಲ್ಲ ನೆನೆದು ತೊಟ್ಟಿಕ್ಕುತ್ತಿತ್ತು, ಮುಖದ ತುಂಬ ನಗು. "ಅಕ್ಕ, ಅರ್ಧ ಗಂಟೆ ಜೀವ ಕೈಲಿಡ್ಕಂಡ್ ನಿಂತಿದ್ದೆ. ಆಮೇಲೆ ನೀವ್ ಹೇಳಿದ್ದು ಗ್ಯಾಪ್ಕ ಬಂತು ನೋಡಿ, ಧೈರ್ಯ ಆಗೋಯ್ತು. ನಮ್ ಸಾಲಿನೋರು ನಾಕ್ ಮನೆಯೋರು ಮಕ್ಳನ್ನ ಆಟೋದಲ್ಲಿ ಸುತ್ತಾಕಿ ಕಳುಸ್ತಿದ್ರಲ್ಲ, ಅವರಿಗೂ ಹೇಳ್ಬುಟ್ಟೆ. ಬ್ಯಾಂಕಿನ ಪ್ರತಿಭಕ್ಕ ಖುದ್ದು ನೋಡ್ಕಂಡ್ ಬಂದವ್ರೆ, ಗಟ್ಟಿ ಐತಂತೆ ಅಂತ. ನಾಳೆಯಿಂದ ಎಲ್ಲಾರೂ ಬಸ್ಸಿಗೇಯ."

"ಒಳಗೆ ಬನ್ನಿ, ಕಾಫಿ ಕುಡಿದು ಹೋಗಿ" ಎಂದೆ. ಇನ್ನೊಂದು ದಿನ ಬರುತ್ತೇನೆ, ಅನ್ನಕ್ಕಿಡಬೇಕು ಎಂದು ಹೊರಟರು.

ಮಳೆ ಇನ್ನೂ ಸುರಿಯುತ್ತಲೇ ಇದೆ. ಕಾಲುವೆ ಏರಿ ಕೆಸರಾಗಿರುತ್ತದೆ. ನಾಳೆ ನಿಸರ್ಗಳನ್ನು ಬೇಗ ಎಬ್ಬಿಸಬೇಕು.